ಅತ್ತೆ ನನ್ನನ್ನು ನಡೆಸಿದ ವರ್ಷ

ಕಳೆದ ವಾರ ಹೊಳಲ್ಕೆರೆಯಲ್ಲಿ ಮೀಟಿಂಗ್ ಮುಗಿಸಿಕೊಂಡು ಬಂದು ನಮ್ಮೂರ ಗೇಟಿನಲ್ಲಿ ಬಸ್ಸಿಳಿದೆ. ಊರೊಳಕ್ಕೆ ಹೋಗುವ ಟಾರು ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಹಾಕಿದ್ದರು. ಬಿ.ದುರ್ಗದ ಸುತ್ತಮುತ್ತ ಈ ಕಾಲದಲ್ಲಿ ಕಣ ಅಂದರೆ ರಸ್ತೆಯೇ. ಬಿಸಿಲಿಗೆ ಕಾದ ಕಾಳು, ಹಸಿ ದಂಟು, ದೂಳು ಎಲ್ಲ ಸೇರಿಕೊಂಡ ವಾಸನೆ ಮೂಗಿಗೆ ಬಂತು. ಬೇರೆಯವರಿಗೆ ಅದು ಸುಗ್ಗಿಯ ವಾಸನೆ. ನನಗೆ ಎದೆ ಝಲ್ಲೆಂದಿತು. ಕಾಲು ತಾನಾಗಿ ನಿಧಾನವಾಯಿತು. ಆ ವರ್ಷ ಇದೇ ರಸ್ತೆಯಲ್ಲಿ, ಇಂಥದೇ ಕಾಳಿನ ಪಕ್ಕದಲ್ಲಿ, ಉಳಿಯುತ್ತೇನೋ ಇಲ್ಲವೋ ಎಂಬುದು ಗೊತ್ತಿಲ್ಲದೆ ನಾನು ದಿನಾ ನಡೆದಿದ್ದೆ.

ನಾನು ನಮ್ಮೂರಿನ ಅಂಗನವಾಡಿ ಟೀಚರು. ಗಂಡ ತಿಪ್ಪೇಸ್ವಾಮಿ ಕುರಿ ಕಾಯುವವರು. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ ಕೆಂಚಮ್ಮ. ಮಗಳು ಹೊಳಲ್ಕೆರೆಯ ಹಾಸ್ಟೆಲ್‌ನಲ್ಲಿದ್ದು ಓದುತ್ತಿದ್ದಳು. ಚಿಕ್ಕಂದಿನಲ್ಲಿ ನನಗೆ ಮೊಣಕಾಲು ಊದಿಕೊಂಡು ಜ್ವರ ಬರುತ್ತಿತ್ತು. ತವರಿನಲ್ಲಿ ಎಣ್ಣೆ ಕಾಯಿಸಿ ತಿಕ್ಕುತ್ತಿದ್ದರು, ಇಳಿಯುತ್ತಿತ್ತು. ಆ ಜ್ವರ ಒಳಗೊಳಗೇ ಹೃದಯದ ಕವಾಟವನ್ನೂ ಹಾಳು ಮಾಡಿತ್ತು ಎಂಬುದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಮಕ್ಕಳಿಗೆ ಪದ್ಯ ಹೇಳಿಕೊಡುವಾಗ ಸಾಲಿನ ನಡುವೆ ಉಸಿರು ಸಾಲದೆ ನಿಲ್ಲುತ್ತಿದ್ದೆ. ಆಮೇಲೆ ಅಂಗಾತ ಮಲಗಲು ಆಗದಂತಾಯಿತು. ಚಿತ್ರದುರ್ಗದಲ್ಲಿ ಸ್ಕ್ಯಾನ್ ಮಾಡಿದವರು ತಡಮಾಡಬೇಡಿ ಎಂದು ಬೆಂಗಳೂರಿಗೆ ಬರೆದುಕೊಟ್ಟರು. ಆಷಾಢದಲ್ಲಿ ಎದೆ ತೆರೆದು ಕೆಟ್ಟ ಕವಾಟ ತೆಗೆದು ಲೋಹದ ಕವಾಟ ಕೂಡಿಸಿದರು.

ಆಪರೇಷನ್ ಆಯಿತು, ಗೆದ್ದೆವು ಅಂದುಕೊಂಡೆವು. ಆದರೆ ಬಿಡುಗಡೆಯ ದಿನ ಡಾಕ್ಟರು ನನ್ನ ಗಂಡನನ್ನು ಕರೆದು, "ಕವಾಟ ಚೆನ್ನಾಗಿ ಕೂತಿದೆ. ಆದರೆ ಹೃದಯದ ಮಾಂಸಖಂಡ ಬಹಳ ದಿನ ಒದ್ದಾಡಿ ಸೋತುಹೋಗಿದೆ. ಪಂಪು ನಿಶ್ಶಕ್ತಿಯಾಗಿದೆ. ಚೇತರಿಸಿಕೊಳ್ಳಬಹುದು, ಹಾಗೇ ಉಳಿಯಲೂಬಹುದು. ನೋಡಬೇಕು," ಅಂದರು. ನಾನು ಬಾಗಿಲ ಪಕ್ಕದ ಗಾಲಿಕುರ್ಚಿಯಲ್ಲಿ ಕೂತು ಅದನ್ನು ಕೇಳಿಸಿಕೊಂಡೆ. ನಡೆಯಬೇಕು, ಮಲಗಿಯೇ ಇರಬಾರದು ಅಂತಲೂ ಅವರು ಹೇಳಿದ್ದರು. ಆದರೆ ನಮ್ಮ ತಲೆಯಲ್ಲಿ ಉಳಿದದ್ದು ಆ 'ನೋಡಬೇಕು' ಅನ್ನುವ ಮಾತೊಂದೇ.

ಮನೆಗೆ ಬಂದಾಗ ಶ್ರಾವಣ. ಅತ್ತೆ ನಡುಮನೆಯಲ್ಲಿ ಮಂಚ ಹಾಕಿ, ಎರಡು ಕಂಬಳಿ ಹಾಸಿ, ನನ್ನನ್ನು ಅದರ ಮೇಲೆ ಕೂರಿಸಿದರು. ಅಷ್ಟೇ. ಮತ್ತೆ ಇಳಿಯಲು ಬಿಡಲಿಲ್ಲ. ನೀರಿನ ಲೋಟ ಎತ್ತಲೂ ಬಿಡರು. ಬಚ್ಚಲಿಗೆ ಹೋದರೆ ಬಾಗಿಲಾಚೆ ನಿಂತು "ಅದೀಯೇನವ್ವ?" ಎಂದು ಕೂಗುತ್ತಿದ್ದರು. ಮದುವೆಯಾದಾಗಿನಿಂದ ನಮ್ಮಿಬ್ಬರ ನಡುವೆ ಜಗಳವೂ ಇರಲಿಲ್ಲ, ಸಲುಗೆಯೂ ಇರಲಿಲ್ಲ. ಅವರದು ಕಡಿಮೆ ಮಾತು, ದೊಡ್ಡ ದನಿ. ಈಗ ಅವರು ನನ್ನ ಮಂಚದ ಕಾಲಿಗೆ ಒರಗಿ ಕೂತೇ ಇರುತ್ತಿದ್ದರು. ಮನೆ ಸದ್ದಿಲ್ಲದಿದ್ದಾಗ ನನ್ನ ಎದೆಯ ಕವಾಟ ಟಿಕ್ ಟಿಕ್ ಅನ್ನುವುದು ನನಗೂ ಕೇಳುತ್ತಿತ್ತು, ಅವರಿಗೂ ಕೇಳುತ್ತಿತ್ತು. ಸ್ವಲ್ಪ ಜೋರಾದರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು.

ನೋಡಲು ಬಂದವರು ಸುಮ್ಮನೆ ಹೋಗುತ್ತಿರಲಿಲ್ಲ. ಪಕ್ಕದ ಬೀದಿಯ ಈರಕ್ಕ ಒಂದು ದಿನ ಬಂದು, ನನ್ನ ಎದೆಯ ಹೊಲಿಗೆ ನೋಡಿ, "ನಮ್ಮ ತಂಗಿ ಊರಾಗೂ ಒಬ್ಳಿಗೆ ಹಿಂಗೇ ಮಾಡಿದ್ರು. ಚೆನ್ನಾಗಿದ್ಳಂತೆ ಪಾಪ, ಒಂದಿನ ಎದ್ದು ಹಿತ್ಲಿಗೆ ಹೋದೋಳು..." ಅಂತ ಶುರುಮಾಡಿದಳು.

"ಈರಿ, ಎದ್ದು ಹೋಗು," ಅಂದರು ಅತ್ತೆ.

"ನಾನೇನು ಅಂದೆ ಈಗ?"

"ಎದ್ದು ಹೋಗು ಅಂದ್ನಲ್ಲ."

ಅವಳು ಹೋದಳು. ಅವಳು ಹೇಳದೆ ಬಿಟ್ಟ ಉಳಿದ ಮಾತು ಮಾತ್ರ ಹೋಗಲಿಲ್ಲ. ಆ ಮೇಲೆ ನನಗೂ ಮಂಚದಿಂದ ಕಾಲು ಕೆಳಗಿಡಲು ಹೆದರಿಕೆ ಹತ್ತಿತು. ತೊಡೆ ಬಡಕಲಾದವು. ಎದ್ದು ನಿಂತರೆ ನಡುಗುತ್ತಿದ್ದವು.

ಗಣಪತಿ ಹಬ್ಬ ಮುಗಿದ ಮೇಲೆ ಚಿತ್ರದುರ್ಗದ ಆಸ್ಪತ್ರೆಗೆ ತಪಾಸಣೆಗೆ ಹೋದೆವು. ರಕ್ತ ತೆಳುವಾಗಿಡುವ ಮಾತ್ರೆ ಸರಿಹೋಗಿದೆಯೇ ಎಂದು ರಕ್ತ ಪರೀಕ್ಷೆ, ಮತ್ತೊಂದು ಸ್ಕ್ಯಾನ್. ಡಾಕ್ಟರು ರಿಪೋರ್ಟ್ ನೋಡಿ, "ಪಂಪು ಇದ್ದ ಹಾಗೇ ಇದೆ," ಅಂದರು. ಆಮೇಲೆ ನನ್ನ ಕಾಲು ನೋಡಿ, "ಇವರನ್ನು ಮಲಗಿಸಿಬಿಟ್ಟಿದ್ದೀರಾ?" ಎಂದು ಕೇಳಿ, ಕೆಳಗಿನ ಮಹಡಿಯ ಒಂದು ಕೋಣೆಗೆ ಕಳಿಸಿದರು. ಅಲ್ಲಿ ನಿಂತಲ್ಲೇ ತುಳಿಯುವ ಒಂದು ಸೈಕಲ್ಲು, ಗೋಡೆಗುಂಟ ಹಿಡಿಕೆ, ಎರಡು ಮೆಟ್ಟಿಲಿನ ಒಂದು ಹಲಗೆ ಇದ್ದವು. ವ್ಯಾಯಾಮ ಮಾಡಿಸುವ ಮೇಡಂ ಹೆಸರು ಶಬಾನಾ. ಚಿತ್ರದುರ್ಗದವರೇ, ಮೂವತ್ತರ ಒಳಗಿನ ಹುಡುಗಿ. ನನ್ನ ಬೆರಳಿಗೆ ನಾಡಿಬಡಿತ ತೋರಿಸುವ ಒಂದು ಕ್ಲಿಪ್ಪು ಸಿಕ್ಕಿಸಿ, "ಬನ್ನಿ ಮಂಜುಳಮ್ಮ, ಆ ಕಿಟಕಿವರೆಗೂ ಹೋಗಿ ಬರಾಣ," ಎಂದು ಕೈ ನೀಡಿದರು.

ಅತ್ತೆ ಬೆಂಚಿನಿಂದ ಎದ್ದು ನಡುವೆ ನಿಂತರು. "ಏನವ್ವ, ಎದೆ ಸೀಳಿ ಇನ್ನೂ ಮಾಯ್ದಿಲ್ಲ, ನಡಿ ಅಂತೀಯಲ್ಲ? ನಿನಗೇನಾರ ಬುದ್ಧಿ ಐತಾ?"

ಶಬಾನಾ ಮೇಡಂ ಸಿಟ್ಟಾಗಲಿಲ್ಲ. "ಎದೆ ಮೂಳೆ ಕೂಡಿಕೊಂಡಿದೆ ಅಮ್ಮ. ಭಾರ ಎತ್ತಬಾರ್ದು, ಕೊಡ ಹೊರಬಾರ್ದು, ಅದು ಸರಿ. ಆದರೆ ನಡೀಲಿಲ್ಲ ಅಂದ್ರೆ ಕಾಲಿನ ಶಕ್ತಿನೂ ಹೋಗುತ್ತೆ, ಹೃದಯಕ್ಕೆ ಇನ್ನೂ ಕಷ್ಟ ಆಗುತ್ತೆ. ಕಾಲು ಗಟ್ಟಿಯಾದ್ರೆ ಅದೇ ಕೆಲಸಕ್ಕೆ ಹೃದಯ ಕಮ್ಮಿ ದುಡಿದ್ರೆ ಸಾಕು. ನಾನು ಓಡಿಸಲ್ಲ, ನಿಧಾನಕ್ಕೆ ನಡೆಸ್ತೀನಿ."

"ನಡೀತಾ ನಡೀತಾ ಬಿದ್ರೆ?"

"ಅದಕ್ಕೇ ಒಂದು ಗುರುತು ಹೇಳ್ಕೊಡ್ತೀನಿ. ನಡೀತಾ ಮಾತಾಡ್ತಾ ಇರಬೇಕು. ಮಾತು ಪೂರ್ತಿ ಬರ್ತಾ ಇದ್ರೆ ಸರಿ. ಮಾತು ತುಂಡು ತುಂಡಾಗೋಕೆ ಶುರುವಾದ್ರೆ ನಿಲ್ಲಬೇಕು. ಎದೆ ನೋವು, ತಲೆ ಸುತ್ತು ಬಂದ್ರೂ ನಿಲ್ಲಬೇಕು. ದಿನಾ ಬೆಳಿಗ್ಗೆ ತೂಕ ನೋಡ್ಕೊಳ್ಳಿ. ತೂಕ ಗಬಕ್ಕನೆ ಏರಿದ್ರೆ, ಪಾದ ಊದಿದ್ರೆ, ಮಲಗಿದಾಗ ಉಸಿರು ಕಟ್ಟಿದ್ರೆ ಫೋನ್ ಮಾಡಿ, ಕಾಯಬೇಡಿ."

ಆ ದಿನ ನಾನು ಕಿಟಕಿಯವರೆಗೆ ಹೋಗಿ ಬಂದೆ. ಅಷ್ಟಕ್ಕೇ ಬೆನ್ನೆಲ್ಲ ಬೆವರಿತ್ತು. ಅತ್ತೆ ಮುಖ ತಿರುಗಿಸಿ ಕೂತಿದ್ದರು.

ಮಳೆ ಹಿಂದಾಗುತ್ತಿತ್ತು. ನಮ್ಮ ಕಡೆಯ ಕುರಿ ಮಂದೆಗಳು ಭದ್ರಾ ನೀರಾವರಿಯ ಗದ್ದೆಗಳ ಕಡೆ ಹೊರಡುವ ಹೊತ್ತು. ನನ್ನ ಗಂಡ ಹೊರಡಲೊಲ್ಲರು. ಜೊತೆಯವರು ಮುಂದೆ ಹೋಗಿಯಾಗಿತ್ತು, ಊರ ಸುತ್ತ ಮೇವು ತೀರುತ್ತಿತ್ತು. ಒಂದು ಸಂಜೆ ಅವರು ಜಗುಲಿಯ ಮೇಲೆ ಕೂತು, "ಈ ಸಲ ಕುರಿ ಮಾರಿಬಿಡಾಣ ಅಂತ ಅದೀನಿ," ಅಂದರು.

"ಮಾರಿ ಏನ್ಮಾಡ್ತೀರಿ? ನನ್ನ ಮಂಚ ಕಾಯ್ತೀರಾ?"

"ನಾನಲ್ಲೆಲ್ಲೋ ಗದ್ದೆ ಬಯಲಾಗೆ ಇದ್ದಾಗ ನಿನಗೇನಾರ ಆದ್ರೆ?"

"ಇಲ್ಲೇ ಕುಂತಿದ್ರೆ ಆಗಲ್ಲ ಅಂತ ಇದೆಯಾ? ಹೋಗ್ರಿ. ನೀವು ದಿನಾ ನನ್ನ ಮುಖ ನೋಡ್ತಾ ಕುಂತ್ರೆ ನನಗೆ ಇನ್ನೂ ಭಯ ಆಗ್ತದೆ."

ಅದು ನಿಜವಾಗಿತ್ತು. ದಸರೆ ಕಳೆದ ಮೇಲೆ ಅವರು ಮಂದೆ ಹೊಡೆದುಕೊಂಡು ಹೋದರು. ಮರುದಿನವೇ ನಾನು ಚಪ್ಪಲಿ ಮೆಟ್ಟಿ ರಸ್ತೆಗಿಳಿದೆ.

ನಮ್ಮಂಥ ಊರಿನಲ್ಲಿ ಹೆಂಗಸು ಯಾವ ಕೆಲಸವೂ ಇಲ್ಲದೆ ನಡೆಯುವುದು ಎಷ್ಟು ಕಷ್ಟ ಎಂದು ಶಬಾನಾ ಮೇಡಂಗೆ ಗೊತ್ತಿರಲಿಲ್ಲ, ನನಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕೈಯಲ್ಲಿ ಕೊಡ ಇಲ್ಲ, ಕುಡುಗೋಲಿಲ್ಲ, ಚೀಲ ಇಲ್ಲ. ಎದುರಾದವರೆಲ್ಲ "ಎಲ್ಲಿಗೆ ಹೊಂಟ್ರಿ ಟೀಚರಮ್ಮ?" ಅನ್ನುವರು. ಮೊದಮೊದಲು ಗೇಟಿಗೆ, ಅಂಗಡಿಗೆ ಎಂದು ಏನೋ ಒಂದು ಹೇಳುತ್ತಿದ್ದೆ. ಹಿಂದಿನಿಂದ ಬೈಕು ಬಂದು ನಿಲ್ಲುತ್ತಿತ್ತು. "ಬರ್ರಿ, ಹತ್ರಿ, ಗೇಟಿಗೆ ಬಿಡ್ತೀನಿ. ಆಪರೇಸನ್ ಆದೋರು ನಡೀಬಾರ್ದು."

"ಬೇಡಪ್ಪ, ನಾನು ನಡೀಬೇಕು."

"ಯಾಕೆ?"

ಇದಕ್ಕೆ ನಾನು ಏನು ಹೇಳಲಿ ಎಂದು ತಡವರಿಸುವಷ್ಟರಲ್ಲಿ ಹಿಂದಿನಿಂದ ಅತ್ತೆಯ ದನಿ ಬರುತ್ತಿತ್ತು. "ನಡ್ಯಾಕೇ ಹೊಂಟಿರದು. ನೀನು ನಡಿ ನಿನ್ನ ದಾರಿ ಹಿಡ್ಕಂಡು!"

ಅತ್ತೆ ನನ್ನನ್ನು ತಡೆಯಲು ಆಗದೆ, ಬಿಡಲೂ ಆಗದೆ, ಕುರಿ ಕಾಯುವ ಕೋಲು ಹಿಡಿದು ನನ್ನ ಹಿಂದೆ ಬರುತ್ತಿದ್ದರು. ಜೊತೆಗಲ್ಲ, ಹಿಂದೆ. ಮಂದೆಯ ಹಿಂದೆ ಬರುವಷ್ಟೇ ಅಂತರದಲ್ಲಿ. ನನಗೋ ಮಾತು ತುಂಡಾಗುತ್ತಿದೆಯೋ ಇಲ್ಲವೋ ನೋಡಲು ಮಾತಾಡಬೇಕಿತ್ತು. ಯಾರೊಂದಿಗೆ? ಅಂಗನವಾಡಿಯ ಮಕ್ಕಳ ಪದ್ಯಗಳನ್ನೇ ಹೇಳಿಕೊಂಡು ಹೋದೆ. ಎರಡು ದಿನ ಕೇಳಿದ ಅತ್ತೆ ಮೂರನೆಯ ದಿನ ಬಿರಬಿರನೆ ನಡೆದು ನನ್ನ ಪಕ್ಕಕ್ಕೆ ಬಂದರು. "ಒಬ್ಳೇ ಮಾತಾಡ್ಬ್ಯಾಡ. ತಲೆಗೂ ಏನೋ ಆಗೈತೆ ಅಂತಾರೆ ಜನ. ನನ್ನ ಕೂಟ ಮಾತಾಡು."

"ಏನ್ ಮಾತಾಡ್ಲಿ ಅತ್ತೆ?"

"ಏನಾರ."

ಹಾಗೆ ನಾವು ಮಾತಾಡಲು ಶುರುಮಾಡಿದೆವು. ಹೊಲಗಳಲ್ಲಿ ಮೆಕ್ಕೆಜೋಳ ಮುರಿಯುತ್ತಿದ್ದರು. ರಸ್ತೆಯ ಒಂದು ಮಗ್ಗುಲಿಗೆ ಕಾಳು, ಇನ್ನೊಂದು ಮಗ್ಗುಲಲ್ಲಿ ನಾವು. ಅತ್ತೆ ತಾವು ಹರೆಯದಲ್ಲಿ ಮಂದೆಯೊಂದಿಗೆ ಹೋದ ಊರುಗಳ ಕತೆ ಹೇಳುತ್ತಿದ್ದರು. ತೋಳ ಬಂದದ್ದು, ಮಳೆಯಲ್ಲಿ ಮರಿ ಹಾಕಿಸಿದ್ದು. ನನ್ನ ಸರದಿ ಬಂದಾಗ ನಾನು ತವರಿನ ಸುದ್ದಿ ಹೇಳುತ್ತಿದ್ದೆ. ಅವರು ಸುದ್ದಿಗಿಂತ ಹೆಚ್ಚಾಗಿ ನನ್ನ ಉಸಿರನ್ನು ಕೇಳುತ್ತಿದ್ದರು ಎಂದು ನನಗೆ ಗೊತ್ತಿತ್ತು. ಎಲ್ಲಾದರೂ ಮಾತು ಕಡಿದರೆ ತೋಳು ಹಿಡಿದು "ನಿಲ್ಲು" ಅನ್ನುತ್ತಿದ್ದರು. ನಿಲ್ಲುತ್ತಿದ್ದೆವು. ಆ ನಿಂತ ಗಳಿಗೆಗಳು ಬಹಳ ಉದ್ದ. ಎದೆಯ ಟಿಕ್ ಟಿಕ್ ಹದಕ್ಕೆ ಬರುವವರೆಗೂ ಇಬ್ಬರೂ ಹೊಲದ ಕಡೆ ನೋಡುತ್ತಿದ್ದೆವು.

ಹಳ್ಳದ ಸೇತುವೆಯವರೆಗೆ ಹೋಗುವಂತಾದ ದಿನ ಅಲ್ಲಿನ ಕಟ್ಟೆಯ ಮೇಲೆ ಕೂತೆವು. ಅತ್ತೆ ಕೋಲಿನ ತುದಿಯಿಂದ ಮಣ್ಣು ಕೆದಕುತ್ತಾ ಇದ್ದಕ್ಕಿದ್ದಂತೆ, "ಗಂಗಿನೂ ಹಿಂಗೇ ಏದ್ತಿದ್ಳು," ಅಂದರು.

ಗಂಗಿ ನನ್ನ ಗಂಡನ ತಂಗಿ. ನಾನು ಈ ಮನೆಗೆ ಬರುವ ಮೊದಲೇ ಜ್ವರ ಬಂದು ಹೋದಳು ಎಂದಷ್ಟೇ ನನಗೆ ಹೇಳಿದ್ದರು.

"ಅವಳಿಗೂ ಮೊಣಕಾಲು ಊದ್ತಿದ್ವು. ಕೊಡ ಹೊತ್ತು ದಿಬ್ಬ ಹತ್ತಿದ್ರೆ ಕುಂತ್ಬಿಡಳು. ಕೆಲ್ಸಗಳ್ಳಿ ಅಂತಿದ್ದೆ ನಾನು. ಒಂದಿನ ಹೊಲದಾಗೆ ಕಳೆ ಕೀಳ್ತಿದ್ವಿ. ಆಗಲ್ಲವ್ವ ಅಂತ ಬದುವಿನ ಮ್ಯಾಲೆ ಕುಂತ್ಲು. ಏಳೇ, ನಡಿಯೇ, ಹೊತ್ತು ಮುಳುಗ್ತೈತೆ ಅಂದೆ. ಎದ್ಲು. ಆ ಸಾಲಿನ ತುದಿಗೂ ಹೋಗ್ಲಿಲ್ಲ."

ನಾನು ಅವರ ಕಡೆ ತಿರುಗಿದೆ.

"ನಡಿ ಅಂದೋಳು ನಾನೇ ಮಂಜುಳ. ಆ ದುರ್ಗದ ಹುಡುಗಿ ನಡೀಬೇಕು ಅಂದಾಗ ನನಗೆ ಅದೇ ಕೇಳ್ದಂಗಾತು."

"ಅವಳಿಗೆ ಹೃದಯದ ಕಾಯಿಲೆ ಅಂತ ಯಾರಿಗೆ ಗೊತ್ತಿತ್ತು ಅತ್ತೆ?"

"ಕುರಿ ಏದಿದ್ರೆ ಗೊತ್ತಾಗ್ತಿತ್ತಲ್ಲ ನನಗೆ," ಅಂದರು. ಎದ್ದು ಸೆರಗು ಕೊಡವಿಕೊಂಡರು. ವಾಪಸು ಬರುವಾಗ ಸೇತುವೆಯಿಂದ ಮನೆಯವರೆಗೂ ಅವರು ನನ್ನ ತೋಳು ಬಿಡಲಿಲ್ಲ.

ಆ ಹೊತ್ತಿಗಾಗಲೇ ಇನ್ನೊಂದು ತೊಂದರೆ ಬೆಳೆಯುತ್ತಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಮೈಯಲ್ಲಿ ನೀರು ನಿಲ್ಲದಿರಲೆಂದು ಬೆಳಿಗ್ಗೆ ಒಂದು ಮಾತ್ರೆ ಕೊಟ್ಟಿದ್ದರು. ನುಂಗಿದ ಸ್ವಲ್ಪ ಹೊತ್ತಿಗೆಲ್ಲ ಮೂತ್ರಕ್ಕೆ ಹೋಗಬೇಕು, ಒಂದು ಸಲ ಅಲ್ಲ, ಮೇಲಿಂದ ಮೇಲೆ. ಅದನ್ನು ನುಂಗಿ ನಡೆಯಲು ಹೋದರೆ ದಾರಿಯಲ್ಲಿ ಎಲ್ಲಿ ಕೂರುವುದು? ಪೈರು ನಿಂತಿದ್ದಾಗ ಮರೆ ಇತ್ತು. ಈಗ ಹೊಲ ಬಯಲಾಗಿ, ರಸ್ತೆಯುದ್ದಕ್ಕೂ ಕಾಳು ಕಾಯುವ ಗಂಡಸರು. ಒಂದು ದಿನ ತಡೆಯಲಾರದೆ ಅವಮಾನವಾಗುವಂತಾಗಿತ್ತು. ಅಂದಿನಿಂದ ಮಾತ್ರೆಯನ್ನು ನಡೆದು ಬಂದ ಮೇಲೆ ನುಂಗೋಣ ಎಂದುಕೊಂಡೆ. ಬಂದ ಮೇಲೆ ತಿಂಡಿ, ಆಮೇಲೆ ರಜೆಯಲ್ಲಿದ್ದರೂ ಅಂಗನವಾಡಿಗೊಮ್ಮೆ ಹೋಗಿ ಬರುವುದು. ಅಲ್ಲೂ ಬಚ್ಚಲಿನ ಬಾಗಿಲು ಮುರಿದಿತ್ತು. ಸಂಜೆ ನುಂಗೋಣ ಅನ್ನುವೆ, ಸಂಜೆ ಮರೆತುಹೋಗುವುದು. ನಡೆಯುವುದೇ ಔಷಧಿ, ನಡೆಯುತ್ತಿದ್ದೇನಲ್ಲ ಎಂಬ ಧೈರ್ಯ ಬೇರೆ.

ತೂಕ ಏರತೊಡಗಿತು. ಅಂಗನವಾಡಿಯಲ್ಲಿ ಬಸುರಿಯರ ತೂಕ ಏರಿದರೆ ಖುಷಿಪಟ್ಟು ರೂಢಿಯಾದವಳು ನಾನು. ಅತ್ತೆಯೂ ನನ್ನ ಕೆನ್ನೆ ನೋಡಿ, "ಈಗ ಮೈ ಹಿಡೀತೈತೆ ಕಣವ್ವ, ಉಂಡಿದ್ದು ಹತ್ತುತೈತೆ," ಅಂದರು. ಪಾದದ ಮೇಲೆ ಚಪ್ಪಲಿಯ ಪಟ್ಟಿಯ ಗುರುತು ಆಳವಾಗಿ ಬೀಳುತ್ತಿತ್ತು. ಚಪ್ಪಲಿ ಹೊಸದು, ಅದಕ್ಕೇ ಅಂದುಕೊಂಡೆ. ಸೇತುವೆಯವರೆಗೆ ಹೋಗುತ್ತಿದ್ದವಳಿಗೆ ಅರ್ಧದಾರಿಯಲ್ಲೇ ಮಾತು ಕಡಿಯತೊಡಗಿದಾಗಲೂ, ಬಿಸಿಲು ಜೋರು ಅಂದುಕೊಂಡೆ.

ಕಾರ್ತಿಕದ ಒಂದು ಸಂಜೆ ದೀಪ ಹಚ್ಚಿ ಬಂದು ಮಂಚದ ಮೇಲೆ ಒರಗಿದೆ. ಎದೆಯ ಮೇಲೆ ಯಾರೋ ಕಾಲಿಟ್ಟಂತಾಯಿತು. ಎದ್ದು ಕೂತೆ. ಕೆಮ್ಮು ಬಂತು, ನಿಲ್ಲಲಿಲ್ಲ. ಕಿಟಕಿಯ ಸರಳು ಹಿಡಿದು ಗಾಳಿಗೆ ಬಾಯಿ ತೆರೆದೆ. ಗಾಳಿ ಒಳಗೆ ಹೋಗುತ್ತಲೇ ಇರಲಿಲ್ಲ. ಅತ್ತೆ ಅಡುಗೆಮನೆಯಿಂದ ಬಂದು ನನ್ನ ಮುಖ ನೋಡಿದವರೇ ಬೀದಿಗೆ ಓಡಿ ಕೂಗಿದರು. ಎದುರು ಮನೆಯ ರುದ್ರಪ್ಪನ ಲಗೇಜ್ ಆಟೋ ಆಗತಾನೆ ಮಂಡಿಗೆ ಜೋಳ ಹಾಕಿ ಬಂದಿತ್ತು. ಅದರ ಹಿಂದೆ ಖಾಲಿ ಚೀಲ ಹಾಸಿ ನನ್ನನ್ನು ಕೂರಿಸಿದರು. ಅತ್ತೆ ನನ್ನ ಬೆನ್ನಿಗೆ ತಮ್ಮ ಎದೆ ಕೊಟ್ಟು, ಎರಡೂ ಕೈಯಿಂದ ತಬ್ಬಿ ಹಿಡಿದುಕೊಂಡರು. ಮಲಗಿಸಲು ಬಿಡಲಿಲ್ಲ.

"ಮಾತಾಡು ಮಂಜುಳ."

"ಅತ್ತೆ..."

"ಪೂರ್ತಿ ಮಾತಾಡು. ಏನಾರ ಹೇಳು. ಆ ಮಕ್ಕಳ ಪದ್ಯ ಹೇಳು."

ಒಂದು ಪದ ಬಂದರೆ ಇನ್ನೊಂದು ಬರಲಿಲ್ಲ. ನಾನು ತಡೆದಾಗೆಲ್ಲ ಅವರು ನನ್ನ ಬೆನ್ನಿಗೆ ಕಿವಿಯಿಟ್ಟು ಆ ಟಿಕ್ ಟಿಕ್ ಕೇಳಿಸಿಕೊಳ್ಳುತ್ತಿದ್ದರು. ಆಟೋದ ಸದ್ದಿಗೆ ಅದು ಕೇಳಿತೋ ಇಲ್ಲವೋ. "ನಡಿ ಅನ್ನಬಾರದಾಗಿತ್ತು, ಮತ್ತೆ ನಡಿ ಅಂದೆ, ಮತ್ತೆ ಅಂದೆ," ಎಂದು ಅವರು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದುದು ಮಾತ್ರ ನನಗೆ ಕೇಳಿತು. ಹಾಗಲ್ಲ ಅತ್ತೆ ಎಂದು ಹೇಳಬೇಕೆನಿಸಿತು. ಉಸಿರಿರಲಿಲ್ಲ.

ಹೊಳಲ್ಕೆರೆಯಲ್ಲಿ ಆಕ್ಸಿಜನ್ ಹಾಕಿ, ಒಂದು ಇಂಜೆಕ್ಷನ್ ಕೊಟ್ಟು, ಆಂಬುಲೆನ್ಸಿನಲ್ಲಿ ಚಿತ್ರದುರ್ಗಕ್ಕೆ ಕಳಿಸಿದರು. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಇಂಜೆಕ್ಷನ್ನಿನ ಮೇಲೆ ಇಂಜೆಕ್ಷನ್ ಕೊಟ್ಟು ನೀರು ಇಳಿಸಿದರು. ಬೆಳಗಾಗುವ ಹೊತ್ತಿಗೆ ನಾನು ಒಂದು ಪೂರ್ತಿ ವಾಕ್ಯ ಆಡಿದೆ. "ಅತ್ತೆ, ನೀವು ಏನಾದ್ರೂ ತಿಂದ್ರಾ?" ಅಂತ. ಅತ್ತೆ ಗೋಡೆಯ ಕಡೆ ತಿರುಗಿ ಸೆರಗು ಬಾಯಿಗಿಟ್ಟುಕೊಂಡರು.

ನನ್ನ ಗಂಡ ಮಂದೆಯನ್ನು ಜೊತೆಗಾರರಿಗೆ ಒಪ್ಪಿಸಿ ಮಧ್ಯಾಹ್ನದ ಹೊತ್ತಿಗೆ ಬಂದರು. ಅಂಗಿಯಿಂದ ಕುರಿ ವಾಸನೆ ಹೊಡೆಯುತ್ತಿತ್ತು. ಶಬಾನಾ ಮೇಡಂ ವಾರ್ಡಿಗೆ ಬಂದಾಗ ಅವರು ಎದ್ದು ನಿಂತು, "ಇನ್ನು ನಿಮ್ಮ ನಡಿಗೆ ಸಾಕು ಮೇಡಂ. ಮಲಗಿದ್ದಾಗ ಚೆನ್ನಾಗೇ ಇದ್ಳು. ನಡೆಸಿ ನಡೆಸಿ ಹಿಂಗಾತು. ನಾನು ಮನೆಗೆ ಕರ್ಕಂಡು ಹೋಗ್ತೀನಿ," ಅಂದರು.

ಮೇಡಂ ಅಷ್ಟಕ್ಕೇ ಹೋಗಲಿಲ್ಲ. ಔಷಧಿಯ ಚೀಲ ತೆಗೆದು ಒಂದೊಂದೇ ಮಾತ್ರೆಯ ಹಾಳೆ ನೋಡಿದರು. ಉಳಿದವೆಲ್ಲ ಖಾಲಿಯಾಗುತ್ತ ಬಂದಿದ್ದವು. ನೀರಿನ ಮಾತ್ರೆಯ ಹಾಳೆ ಮಾತ್ರ ಮುಕ್ಕಾಲು ಹಾಗೇ ಇತ್ತು. ಅವರು ನನ್ನ ಮುಖ ನೋಡಿದರು. ಆಮೇಲೆ ನನ್ನ ಗಂಡನಿಗೆ, "ಅಣ್ಣ, ಸ್ವಲ್ಪ ಹೊರಗಿರ್ತೀರಾ?" ಅಂದರು.

ಅವರು ಹೊರಗೆ ಹೋದ ಮೇಲೆ ನಾನು ಹೇಳಿದೆ. ಬಯಲಾದ ಹೊಲ, ಕಾಳು ಕಾಯುವ ಗಂಡಸರು, ಮುರಿದ ಬಾಗಿಲು, ಎಲ್ಲ. ಹೇಳುವಾಗ ಅಳು ಬಂತು. ಸಾಯುವಷ್ಟು ಕಾಯಿಲೆಯವಳು ಇಂಥ ಸಣ್ಣ ಕಾರಣಕ್ಕೆ ಸಾಯಹೊರಟಿದ್ದೆ ಅನ್ನುವುದಕ್ಕೇ ನಾಚಿಕೆಯಾಯಿತು.

ಶಬಾನಾ ಮೇಡಂ ಮಂಚದ ಅಂಚಿಗೆ ಕೂತರು. "ಇದು ಸಣ್ಣದಲ್ಲ ಮಂಜುಳಮ್ಮ. ಮಾತ್ರೆ ಯಾವಾಗ ನುಂಗ್ತೀರಿ, ಯಾವಾಗ ನಡೀತೀರಿ ಅಂತ ನಾನೇ ಕೇಳ್ಬೇಕಿತ್ತು. ಕೇಳ್ಲಿಲ್ಲ. ಡಾಕ್ಟ್ರ ಹತ್ರ ಮಾತಾಡ್ತೀನಿ. ಮಾತ್ರೆ ಎದ್ದ ತಕ್ಷಣ ನುಂಗಿ, ನಡಿಗೆ ಸಂಜೆ ಇಟ್ಕೊಳ್ಳಬಹುದು. ಅಷ್ಟೊತ್ತಿಗೆ ಅದರ ಕೆಲಸ ಮುಗಿದಿರುತ್ತೆ."

ಅತ್ತೆ ಇದನ್ನೆಲ್ಲ ಕೇಳುತ್ತ ಪಕ್ಕದಲ್ಲೇ ನಿಂತಿದ್ದರು. "ಹಂಗಾರೆ ನಡೆದಿದ್ದಕ್ಕೆ ಆಗಿದ್ದಲ್ಲ ಇದು?" ಎಂದು ಮೇಡಂರನ್ನು ಕೇಳಿದರು.

"ಅಲ್ಲ ಅಮ್ಮ. ನೀರು ನಿಂತಿದ್ದಕ್ಕೆ."

"ಇನ್ನೊಂದ್ಸಲ ಹೇಳು."

"ನಡೆದಿದ್ದಕ್ಕೆ ಆಗಿದ್ದಲ್ಲ."

ಅತ್ತೆ ನನ್ನ ಕಡೆ ತಿರುಗಿ, ಇಡೀ ವಾರ್ಡು ತಿರುಗಿ ನೋಡುವ ದನಿಯಲ್ಲಿ ಬೈದರು. "ಅಲ್ಲವೇ, ನಾನು ಪಕ್ಕದಾಗೇ ಬರ್ತಿದ್ನಲ್ಲ! ಸೀರೆ ಅಡ್ಡ ಹಿಡೀತಿರ್ಲಿಲ್ವಾ? ಆ ಗಂಡಸ್ರನ್ನ ಅತ್ಲಾಗಿ ತಿರುಗ್ರಲೇ ಅಂತಿದ್ದೆ. ತವರಿನ ಸುದ್ದಿ ಎಲ್ಲ ಹೇಳ್ದೆ ನೀನು, ಇದೊಂದು ಹೇಳಕ್ಕೆ ಬಾಯಿ ಬರ್ಲಿಲ್ವಾ ನಿಂಗೆ?" ಬೈಯುತ್ತ ಬೈಯುತ್ತ ಅವರ ದನಿ ಒಡೆಯಿತು.

ಬಿಡುಗಡೆಯಾದ ಮೇಲೂ ನನ್ನ ಗಂಡ ಒಪ್ಪಲಿಲ್ಲ. ಮನೆಗೆ ಬಂದು ಮತ್ತೆ ನಡುಮನೆಯಲ್ಲಿ ಮಂಚ ಹಾಕಿದರು. ಅತ್ತೆ ಆ ಮಂಚದ ಮುಂದೆ ನಿಂತು ಮಗನಿಗೆ ಗಂಗಿಯ ವಿಷಯ ಹೇಳಿದರು. ಹೊಲದಲ್ಲಿ ಆದದ್ದನ್ನು ಅವರೂ ಅಂದೇ ಮೊದಲ ಸಲ ಕೇಳುತ್ತಿದ್ದುದು. "ಅವಳಿಗೆ ರೋಗ ಇತ್ತು, ನಾವು ನೋಡ್ಲಿಲ್ಲ. ಇವಳದ್ದು ನೋಡಿ, ರಿಪೇರಿ ಮಾಡಿ ಕಳ್ಸವ್ರೆ. ಇವಳು ನಡೀಬೇಕು. ನೀನು ಕುರಿ ಹತ್ರ ಹೋಗು. ನಡೆಸೋಳು ನಾನು." ನನ್ನ ಗಂಡ ಬಹಳ ಹೊತ್ತು ಬಾಗಿಲ ಹೊರಗೆ ಕೂತಿದ್ದರು. ಆಮೇಲೆ ಬಂದು ಮಂಚ ಎತ್ತಿ ಗೋಡೆಗೆ ನಿಲ್ಲಿಸಿದರು.

ಮತ್ತೆ ಮೊದಲಿನಿಂದ ಶುರುಮಾಡಿದೆವು. ಬೆಳಿಗ್ಗೆ ಎದ್ದ ಕೂಡಲೇ ಅತ್ತೆ ಅಂಗೈ ಮೇಲೆ ಮಾತ್ರೆ ಹಿಡಿದು ನಿಲ್ಲುವರು. ಅಂಗನವಾಡಿಯ ಬಚ್ಚಲಿಗೆ ಬಾಗಿಲು ಹಾಕಿಸಿಕೊಡು ಎಂದು ಪಂಚಾಯಿತಿಯವರ ಮನೆ ಮುಂದೆ ಅವರೇ ಹೋಗಿ ಕೂಗಾಡಿದರು, ಹಾಕಿಸಿದರು. ಹೊತ್ತು ಇಳಿದ ಮೇಲೆ ರಸ್ತೆಗಿಳಿಯುತ್ತಿದ್ದೆವು. ಮೊದಲ ದಿನ ರುದ್ರಪ್ಪನ ಮನೆ ದಾಟುವಾಗಲೇ ನನ್ನ ಕಾಲು ಮುಂದೆ ಹೋಗಲೊಲ್ಲದು. ಉಸಿರಿಗಲ್ಲ, ಹೆದರಿಕೆಗೆ. ಸ್ವಲ್ಪ ಕೆಮ್ಮು ಬಂದರೆ ಆ ಸಂಜೆಯೇ ಮತ್ತೆ ಬಂತು ಅನಿಸುತ್ತಿತ್ತು. ಅತ್ತೆಯ ಕೈ ಒದ್ದೆಯಾಗಿರುವುದು ನನ್ನ ತೋಳಿಗೆ ಗೊತ್ತಾಗುತ್ತಿತ್ತು. ಆದರೂ ಅವರ ಕತೆ ನಿಲ್ಲುತ್ತಿರಲಿಲ್ಲ. ಜಗುಲಿಯ ಮೇಲೆ ಕೂತು ಏಳುವ ವ್ಯಾಯಾಮಕ್ಕೆ ಅವರೂ ನನ್ನೊಡನೆ ಕೂತು ಏಳುತ್ತಿದ್ದರು. ಸಂಕ್ರಾಂತಿಯ ಹೊತ್ತಿಗೆ ಸೇತುವೆ ದಾಟಿದೆವು.

ಆಮೇಲಿನ ಸ್ಕ್ಯಾನಿನ ದಿನ ನಾನು ಡಾಕ್ಟರ ಮುಖ ನೋಡಲಿಲ್ಲ, ಅವರ ಕೈಯನ್ನೇ ನೋಡುತ್ತಿದ್ದೆ. ಅವರು ಹಳೆಯ ರಿಪೋರ್ಟನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಓದಿದರು. "ಪೂರ್ತಿ ಸರಿಹೋಗಿಲ್ಲ. ಆದರೆ ಪಂಪು ಸುಧಾರಿಸಿದೆ. ಮಾತ್ರೆ ಬಿಡಬೇಡಿ, ನಡಿಗೆಯನ್ನೂ ಬಿಡಬೇಡಿ. ಕೆಲಸಕ್ಕೆ ಹೋಗಿ," ಅಂದರು. ಅತ್ತೆ ನನ್ನನ್ನು ತಿವಿದು, "ಏನಂದ್ರು?" ಎಂದರು. ಹೇಳಿದೆ. "ಅಷ್ಟಾರ ಆತಲ್ಲ," ಎಂದು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಶಿವರಾತ್ರಿಗೆ ಮುಂಚೆ ಶಬಾನಾ ಮೇಡಂ ಫೋನ್ ಮಾಡಿದರು. ಹೊರಕೆರೆದೇವಪುರದಲ್ಲಿ ಸವಿತ ಎಂಬ ಹುಡುಗಿಗೆ ಕವಾಟ ಬದಲಿಸಿದ್ದಾರೆ, ನನ್ನಂತೆಯೇ ಪಂಪು ನಿಶ್ಶಕ್ತಿ, ತಾಯಿ ಮಂಚದಿಂದ ಇಳಿಯಲು ಬಿಡುತ್ತಿಲ್ಲ. "ನೀವು ಒಂದ್ಸಲ ಹೋಗ್ತೀರಾ? ನಾನು ಹೇಳಿದ್ರೆ ಕೇಳ್ತಿಲ್ಲ," ಅಂದರು. ಆ ಮನೆಯವರನ್ನೂ ಕೇಳಿಯೇ ಹೇಳುತ್ತಿದ್ದೇನೆ ಎಂದರು.

ಅತ್ತೆ ಹೊರಡುವ ಹಿಂದಿನ ದಿನವೇ ಸೀರೆ ಮಡಿಸಿಟ್ಟುಕೊಂಡಿದ್ದರು. ಬಸ್ಸಿಳಿದು ಆ ಮನೆ ಹುಡುಕಿ ಹೋದೆವು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಆ ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ಮದುವೆಯಾಗದ ಹುಡುಗಿ, ಕಣ್ಣಿನ ಸುತ್ತ ಕಪ್ಪು. ತಾಯಿ ಬಾಗಿಲಲ್ಲೇ ನಿಂತು, "ಹೇಳಬ್ಯಾಡ್ರಿ, ನಾನು ಮಗಳನ್ನ ನಡೆಸಲ್ಲ. ಕಳ್ಕಳ್ಳಕ್ಕೆ ನನಗಾಗಲ್ಲ," ಅಂದಳು.

ನಾನು ಮಾತು ಹುಡುಕುತ್ತಿದ್ದೆ. ಅತ್ತೆ ಹುಡುಕಲಿಲ್ಲ. "ನಾನೊಬ್ಳನ್ನ ಕಳ್ಕಂಡೋಳು," ಎಂದು ನೆಲದ ಮೇಲೆ ಕೂತು, ಆ ಗುರುತಿಲ್ಲದ ಹೆಂಗಸಿಗೆ ಗಂಗಿಯ ವಿಷಯ ಹೇಳಿದರು. ಬದು, ಕಳೆ, ಸಾಲಿನ ತುದಿ, ಏನೂ ಬಿಡಲಿಲ್ಲ. ಆಮೇಲೆ ನನ್ನ ಕಡೆ ಕೈ ತೋರಿಸಿ, "ಇವಳು ನನ್ನ ಸೊಸೆ. ಇವಳನ್ನೂ ಕಳ್ಕತಿದ್ದೆ. ಇವತ್ತು ಬಸ್‌ಸ್ಟ್ಯಾಂಡಿಂದ ನಡ್ಕಂಡು ಬಂದವ್ಳೆ," ಅಂದರು. ಎದ್ದು ಸೀರೆ ಸರಿಮಾಡಿಕೊಂಡು ಕೇಳಿದರು, "ನೀರಿನ ಮಾತ್ರೆ ಕೊಟ್ಟವ್ರಾ ಇವಳಿಗೆ? ಹಂಗಾರೆ ಮೊದ್ಲು ನಿಮ್ಮ ಬಚ್ಚಲು ಎಲ್ಲೈತೆ ತೋರ್ಸು."

ಆ ತಾಯಿ ಅಳುತ್ತಿದ್ದವಳು ಗಲಿಬಿಲಿಯಾಗಿ ಹಿತ್ತಲ ಬಾಗಿಲು ತೆರೆದಳು. ಅತ್ತೆ ಹೋಗಿ, ಚಿಲಕ ಹಾಕಿ ತೆಗೆದು ನೋಡಿ ಬಂದರು.

ಸ್ವಲ್ಪ ಹೊತ್ತಿನ ಮೇಲೆ ನಾವು ನಾಲ್ವರೂ ಬೀದಿಗೆ ಬಂದೆವು. ಸವಿತಳ ಒಂದು ತೋಳನ್ನು ಅವಳ ತಾಯಿ ಹಿಡಿದಿದ್ದಳು, ಇನ್ನೊಂದನ್ನು ಅತ್ತೆ. ತಾಯಿಯ ತುಟಿ ಬಿಗಿದುಕೊಂಡಿತ್ತು. ಜಗುಲಿಗಳ ಮೇಲಿದ್ದವರು ಮಾತು ನಿಲ್ಲಿಸಿ ನೋಡಿದರು. "ಮಾತಾಡವ್ವ, ನಿನ್ನ ಹೆಸರೇನು, ಯಾವ ಸ್ಕೂಲಾಗೆ ಓದಿದ್ದೆ, ಎಲ್ಲ ಹೇಳು," ಎಂದು ಅತ್ತೆ ಕೇಳುತ್ತಾ ಹೋದರು. ಹುಡುಗಿ ಮೆಲ್ಲಗೆ ಹೇಳುತ್ತಾ ಹೋದಳು. ಎರಡು ಮನೆ ದಾಟಿ ಮೂರನೆಯ ಮನೆಯ ಮುಂದೆ ನಿಂತಳು. ತಾಯಿ ಸಾಕು ಎಂದು ಹಿಂದಕ್ಕೆ ತಿರುಗಿದಳು.

ಹುಡುಗಿ ತಿರುಗಲಿಲ್ಲ. ಬೀದಿಯ ತುದಿ ನೋಡುತ್ತ, "ಅವ್ವ, ಇನ್ನೊಂಚೂರು ಹೋಗಾಣ," ಅಂದಳು.